ನೆಲದಲ್ಲಿ ಹುದುಗಿದ ಶಲ್ಯ

ಮನೆ ಕಟ್ಟುವುದಕ್ಕೆ ಮೊದಲು ನೆಲವನ್ನು ಪರೀಕ್ಷಿಸಬೇಕೆಂಬುದು ನಮ್ಮವರಿಗೆ ಹೊಸ ಮಾತಲ್ಲ. ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಇದಕ್ಕೊಂದು ಸುಲಭೋಪಾಯವನ್ನು ಹೇಳಿದ್ದಾನೆ. ನಿವೇಶನದ ನಡುವೆ ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ಅದಕ್ಕೆ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅಧಮ. ಅದೇ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿದಾಗ ನೀರು ಇಳಿಯದೆ ನಿಂತಿದ್ದರೆ ಅದೂ ಶುಭ. ಮೂಢನಂಬಿಕೆಯೆಂದು ತಳ್ಳಿಹಾಕುವಂಥ ಮಾತಲ್ಲ ಇದು. ಮಣ್ಣು ಬಿಗಿಯೋ ಸಡಿಲವೋ, ನೀರು ಬೇಗ ಇಂಗುವುದೋ ಇಲ್ಲವೋ ಎಂಬುದನ್ನು ಗುದ್ದಲಿಯೊಂದರಿಂದಲೇ ತಿಳಿಯುವ ಜಾಣತನವಿದು.

ಅದೇ ಶಾಸ್ತ್ರದಲ್ಲಿ ‘ಶಲ್ಯ’ವೆಂಬ ಇನ್ನೊಂದು ಮಾತಿದೆ. ನೆಲದೊಳಗೆ ಹುದುಗಿರುವ ಮೂಳೆ, ಇದ್ದಿಲು, ಬೂದಿ, ಕಬ್ಬಿಣ ಮುಂತಾದವುಗಳೇ ಶಲ್ಯ. ಅವುಗಳನ್ನು ತೆಗೆಯದೆ ಮೇಲೆ ಮನೆ ಕಟ್ಟಿದರೆ ಕೇಡು ತಪ್ಪದೆಂದು ಶಾಸ್ತ್ರಕಾರರು ಎಚ್ಚರಿಸುತ್ತಾರೆ. ಅದನ್ನು ಪತ್ತೆಹಚ್ಚಲು ಅವರು ಹೇಳಿದ ಕ್ರಮ, ಎಂದರೆ ಯಜಮಾನನು ತನ್ನ ಮೈಯ ಯಾವ ಭಾಗವನ್ನು ತುರಿಸಿಕೊಳ್ಳುವನೆಂದು ನೋಡುವುದು, ಇಂದು ನಮಗೆ ನಗು ತರಿಸೀತು. ಕ್ರಮ ಹೇಗಾದರೂ ಇರಲಿ, ಅದರ ಹಿಂದಿರುವ ಪ್ರಶ್ನೆ ವಿವೇಕದ್ದು: ನಮಗಿಂತ ಮೊದಲು ಇಲ್ಲಿ ಯಾರಿದ್ದರು? ಏನನ್ನು ಬಿಟ್ಟುಹೋದರು?

ಈ ಪ್ರಶ್ನೆಯನ್ನು ಹಿಂದಿನವರಿಗಿಂತ ನಾವು ಹೆಚ್ಚು ಗಟ್ಟಿಯಾಗಿ ಕೇಳಬೇಕಾಗಿದೆಯೆಂದು ನನಗೆ ತೋರುತ್ತದೆ. ನಗರಗಳು ಬೆಳೆದಂತೆಲ್ಲ ಹಳೆಯ ಕಾರ್ಖಾನೆ, ಚರ್ಮ ಹದಮಾಡುವ ಮಂಡಿ, ಎಣ್ಣೆಯ ದಾಸ್ತಾನು, ಕಸದ ಗುಂಡಿ, ಗಣಿ, ಇವೆಲ್ಲ ಊರ ನಡುವೆ ಬಂದು ನಿಲ್ಲುತ್ತವೆ. ಒಮ್ಮೆ ಬಳಸಿ ಬಿಟ್ಟ ಇಂಥ ನೆಲದ ಮೇಲೆ ಮತ್ತೆ ಕಟ್ಟುವುದು ತಪ್ಪಲ್ಲ. ಹಸುರು ಹೊಲಗಳನ್ನು ಉಳಿಸುವುದಕ್ಕೆ ಅದೇ ದಾರಿ. ಆದರೆ ಇಂದಿನ ಶಲ್ಯ ಮೂಳೆಯಂತೆ ಕಣ್ಣಿಗೆ ಕಾಣುವುದಿಲ್ಲ. ಇದ್ದಿಲಿನಂತೆ ಇಟ್ಟಲ್ಲಿ ಇರುವುದೂ ಇಲ್ಲ. ಅದು ನೀರಿನೊಡನೆ ಹರಿಯುತ್ತದೆ, ಆವಿಯಾಗಿ ಏಳುತ್ತದೆ, ಹುಡಿಯಾಗಿ ಹಾರುತ್ತದೆ.

ಇದನ್ನು ಲೋಕಕ್ಕೆ ಕಲಿಸಿದ ಊರು ಅಮೆರಿಕದ ನಯಾಗರಾ ಫಾಲ್ಸ್. 1890ರ ದಶಕದಲ್ಲಿ ವಿಲಿಯಂ ಲವ್ ಎಂಬ ಉದ್ಯಮಿ ಅಲ್ಲಿ ವಿದ್ಯುತ್ತಿಗಾಗಿ ಕಾಲುವೆಯೊಂದನ್ನು ತೋಡಿಸಲು ಹೊರಟು, ಕೆಲಸವನ್ನು ಅರ್ಧದಲ್ಲೇ ಕೈಬಿಟ್ಟ. ‘ಲವ್ ಕೆನಾಲ್’ ಎಂಬ ಹೆಸರಿನ ಆ ಹಳ್ಳ ಹಾಗೆಯೇ ಉಳಿಯಿತು. 1942ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪನಿ ಸುಮಾರು 21 ಸಾವಿರ ಟನ್ ತ್ಯಾಜ್ಯವನ್ನು ಅದರಲ್ಲಿ ಹೂತು, ಮೇಲೆ ಮಣ್ಣು ಮುಚ್ಚಿತು. 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಲಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಅಲ್ಲಿ ರಾಸಾಯನಿಕಗಳನ್ನು ಹೂಳಲಾಗಿದೆಯೆಂದೂ, ಮುಂದೆ ಅದರಿಂದ ಹಾನಿಯಾದರೆ ಕಂಪನಿ ಹೊಣೆಯಲ್ಲವೆಂದೂ ಕ್ರಯಪತ್ರದಲ್ಲಿ ಬರೆದಿತ್ತು. ಶಾಲಾ ಮಂಡಲಿ ಅದಕ್ಕೆ ಒಪ್ಪಿತು.

ಶಾಲೆ ಎದ್ದಿತು, ಸುತ್ತ ಮನೆಗಳೂ ಎದ್ದವು. ರಸ್ತೆಗಾಗಿ, ಒಳಚರಂಡಿಗಾಗಿ ನೆಲವನ್ನು ಅಗೆದವರು ಕಾಲುವೆಯ ಜೇಡಿಮಣ್ಣಿನ ಗೋಡೆಯನ್ನೂ ಮೇಲಣ ಮುಚ್ಚಿಗೆಯನ್ನೂ ಅಲ್ಲಲ್ಲಿ ಒಡೆದರು. ಮಳೆನೀರೂ ಹಿಮದ ನೀರೂ ಒಳಗಿಳಿದವು. ಜೇಡಿಯ ತೊಟ್ಟಿ ತುಂಬಿ ತುಳುಕಿದಂತೆ, 1970ರ ದಶಕದಲ್ಲಿ ಕಪ್ಪು ರಸ ಮನೆಗಳ ನೆಲಮಾಳಿಗೆಗಳಲ್ಲಿ ಒಸರತೊಡಗಿತು. ಆ ಶಾಲೆಗೆ ಮಗನನ್ನು ಕಳುಹಿಸುತ್ತಿದ್ದ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಮನೆಮನೆಯ ಬಾಗಿಲು ತಟ್ಟಿ, ಕಾಯಿಲೆಗಳ ಲೆಕ್ಕ ಕೇಳಿ, ಜನರನ್ನು ಒಟ್ಟುಗೂಡಿಸಿದಳು. 1978ರ ಆಗಸ್ಟಿನಲ್ಲಿ ಅಧ್ಯಕ್ಷ ಕಾರ್ಟರರು ಅಲ್ಲಿ ತುರ್ತುಪರಿಸ್ಥಿತಿಯನ್ನು ಸಾರಿದರು. ನೂರಾರು ಸಂಸಾರಗಳು ಊರು ಬಿಟ್ಟವು. ಮಲಿನಗೊಳಿಸಿದವರಿಂದಲೇ ಶುದ್ಧಿಯ ಖರ್ಚನ್ನು ವಸೂಲು ಮಾಡುವ ‘ಸೂಪರ್‌ಫಂಡ್’ ಕಾಯಿದೆ 1980ರಲ್ಲಿ ಹುಟ್ಟಿದ್ದು ಈ ನೋವಿನಿಂದ.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕುವುದು ಆ ವಿಷವಲ್ಲ, ಆ ಕ್ರಯಪತ್ರ. ಗುಟ್ಟೇನೂ ಇರಲಿಲ್ಲ. ಮಾರಿದವರು ಹೇಳಿದ್ದರು, ಕೊಂಡವರು ಓದಿದ್ದರು. ಆದರೆ ಅಲ್ಲಿ ಆಡಬೇಕಾಗಿದ್ದ ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ನೆಲದ ಪರೀಕ್ಷೆ ಇಂದು ಕ್ರಮಬದ್ಧವಾದ ವಿದ್ಯೆಯಾಗಿದೆ. ಅದರ ಮೊದಲ ಮೆಟ್ಟಿಲು ಅಗೆಯುವುದಲ್ಲ, ಓದುವುದು. ಹಳೆಯ ನಕ್ಷೆ, ಕಂದಾಯದ ದಾಖಲೆ, ಕಾರ್ಖಾನೆಯ ಕಡತ, ಅಲ್ಲಿ ದುಡಿದ ಮುದುಕರ ನೆನಪು, ಇವುಗಳಿಂದ ನೆಲದ ಜೀವನಚರಿತ್ರೆಯನ್ನು ಬರೆದುಕೊಳ್ಳಬೇಕು. ಎರಡನೆಯದು ನಡೆದು ನೋಡುವುದು: ಹುಲ್ಲು ಬೆಳೆಯದ ಜಾಗ, ಮಣ್ಣಿನ ಬಣ್ಣ, ವಾಸನೆ, ಕುಸಿದ ಗುರುತು. ಆಮೇಲೆಯೇ ಕೊರೆಯುವುದು, ಮಣ್ಣು, ಅಂತರ್ಜಲ, ಆವಿಗಳ ಮಾದರಿಗಳನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸುವುದು. ಹೀಗೆ ದೊರೆತುದನ್ನೆಲ್ಲ ಮೂರು ಪ್ರಶ್ನೆಗಳಲ್ಲಿ ಇಟ್ಟು ತೂಗುತ್ತಾರೆ. ವಿಷದ ಮೂಲ ಯಾವುದು? ಅದು ಸಾಗುವ ಹಾದಿ ಯಾವುದು? ಅದಕ್ಕೆ ಗುರಿಯಾಗುವವರು ಯಾರು? ಮೂರೂ ಕೂಡಿದಲ್ಲಿ ಅಪಾಯ. ಒಂದನ್ನು ಕಡಿದರೆ ಅಪಾಯ ತಗ್ಗುತ್ತದೆ. ಮಣ್ಣನ್ನು ತೆಗೆದು ಸಾಗಿಸಬಹುದು, ಹಾದಿಯನ್ನು ಮುಚ್ಚಬಹುದು, ಇಲ್ಲವೆ ಅಲ್ಲಿ ಮನೆಯನ್ನೇ ಕಟ್ಟದಿರಬಹುದು. ಲವ್ ಕೆನಾಲಿನಲ್ಲಿ ಮೂಲ ಇದ್ದೇ ಇತ್ತು. ಒಳಚರಂಡಿ ಅಗೆದವರು ಹಾದಿಯನ್ನು ತೆರೆದರು. ಶಾಲೆ ಕಟ್ಟಿದವರು ಗುರಿಯನ್ನು ತಂದಿಟ್ಟರು.

ನಮ್ಮ ನಾಡಿನಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಬೇಕಾದ ನೆಲ ಯಾವುದೆಂದು ಯೋಚಿಸಿದಾಗ ನನ್ನ ಮನಸ್ಸು ಕೋಲಾರದ ಚಿನ್ನದ ಗಣಿಗಳತ್ತ ಹೋಗುತ್ತದೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ ಬೇರೂರಿದ ಆ ಉದ್ಯಮ 2001ರ ಫೆಬ್ರವರಿ 28ರಂದು ನಿಂತಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದುಬಂದುದು ಈ ಗಣಿಗಳಿಗಾಗಿಯೇ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನು ಮೀರಿತ್ತು; ಆ ಆಳದಲ್ಲಿ ಬಂಡೆ ಸಿಡಿದು ಪ್ರಾಣತೆತ್ತ ಕಾರ್ಮಿಕರು ಅನೇಕರು. ಕಲ್ಲನ್ನು ಹುಡಿಮಾಡಿ, ಸೈನೈಡಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹುಡಿಯನ್ನು ಊರ ಪಕ್ಕದಲ್ಲೇ ಸುರಿದರು. ಇಂದು ಅಂಥ 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಹುಡಿಯಿದೆ. ಅಲ್ಲಿಯ ಜನ ಅವನ್ನು ‘ಸೈನೈಡ್ ದಿಬ್ಬ’ಗಳೆಂದೇ ಕರೆಯುತ್ತಾರೆ. ಬಿಸಿಲುಗಾಳಿಗಳಿಗೆ ಸೈನೈಡು ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಆದರೆ ಕಲ್ಲಿನೊಡನೆ ಬಂದ ಲೋಹಗಳು ಒಡೆಯುವುದಿಲ್ಲ, ನುಣ್ಣನೆಯ ಹುಡಿ ಗಾಳಿ ಎದ್ದಾಗ ಕುಳಿತಲ್ಲಿ ಕೂರುವುದಿಲ್ಲ.

ಈ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ಬತ್ತಿಹೋದ ಊರಿಗೆ ಕೆಲಸ ಬರುವುದು ಬೇಡವೆನ್ನುವ ಕಲ್ಲೆದೆ ನನಗಿಲ್ಲ. ಗಣಿ ಮುಚ್ಚಿದ ಮೇಲೆ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಅಲ್ಲಿಯ ಮಂದಿಗೆ ಉದ್ಯೋಗವೇ ಮೊದಲ ಔಷಧಿ. ಆದರೆ ದಿಬ್ಬವನ್ನು ಕೆದಕುವುದೆಂದರೆ ಮುಚ್ಚಿದ ಹಾದಿಯನ್ನು ತೆರೆಯುವುದೂ ಹೌದು. ದಿಬ್ಬ ಕರಗಿದ ಜಾಗದಲ್ಲಿ ನಾಳೆ ಏನೇ ಏಳಲಿ, ಅದರ ಕೆಳಗೆ ಎಲ್ಲಿ ಸುರಂಗವಿದೆ, ಎಲ್ಲಿ ಬಾವಿ ಇದೆ, ನೀರು ಎತ್ತ ಹರಿಯುತ್ತದೆ ಎಂಬ ಲೆಕ್ಕ ಮೊದಲು ಬೇಕು. ಗಣಿಯ ಹಳೆಯ ನಕ್ಷೆಗಳೂ ಗಣಿಯಲ್ಲಿ ದುಡಿದವರ ನೆನಪೂ ಇಲ್ಲಿ ಚಿನ್ನಕ್ಕಿಂತ ಬೆಲೆಯುಳ್ಳವು. ನೆನಪಾದರೋ ವರ್ಷವರ್ಷಕ್ಕೂ ಸವೆಯುತ್ತಿದೆ.

ಮಲಿನಗೊಂಡ ನಿವೇಶನಗಳ ನಿರ್ವಹಣೆಗಾಗಿ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿತು. ಸಂಶಯದ ಜಾಗಗಳನ್ನು ಗುರುತಿಸಿ, ಪರೀಕ್ಷಿಸಿ, ಕೆಡಿಸಿದವರಿಂದಲೇ ಶುದ್ಧಿ ಮಾಡಿಸುವ ಕ್ರಮ ಅದರಲ್ಲಿದೆ. ಬಹುಕಾಲದ ಕೊರತೆಯೊಂದು ತುಂಬಿತು. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಆ ನಿಯಮಗಳು ಸಾಮಾನ್ಯವಾಗಿ ತಮ್ಮ ಎಲ್ಲೆಯಿಂದ ಹೊರಗಿಟ್ಟಿವೆ. ಕಾನೂನು ಕೇಳದಿದ್ದರೂ ಕೇಳಬೇಕಾದ ಪ್ರಶ್ನೆ ಪ್ರಶ್ನೆಯೇ.

ಪರೀಕ್ಷೆಗೆ ಹಣವೂ ಕಾಲವೂ ಬೇಕು, ಕಟ್ಟುವವರಿಗೆ ಅವಸರ. ಈ ಅವಸರದಲ್ಲಿ ನೆಲದ ವರದಿ ಎಷ್ಟೋ ಸಲ ಕಡತಕ್ಕೆ ಸೇರಿಸುವ ಕಾಗದವಾಗಿಬಿಡುತ್ತದೆ. ನಾಳಿನ ಇಂಜಿನಿಯರರಾಗುವ ತರುಣರಿಗೆ ನಾನು ಹೇಳಬಯಸುವುದು ಇಷ್ಟೇ. ನಿಮ್ಮ ವರದಿಯನ್ನು ಓದುವವನು ಜಮೀನು ಕೊಳ್ಳುವವನೊಬ್ಬನೇ ಎಂದು ಬರೆಯಬೇಡಿ. ಆ ನೆಲದ ಮೇಲೆ ಅಂಬೆಗಾಲಿಡಲಿರುವ ಕೂಸಿಗೆ ಅಕ್ಷರ ಬರುವುದಿಲ್ಲ. ಅದರ ಪರವಾಗಿ ನೀವೇ ಓದಿ, ನೀವೇ ಕೇಳಿ, ಬೇಡವೆನ್ನಬೇಕಾದಲ್ಲಿ ನೀವೇ ಬೇಡವೆನ್ನಿ.