ಭಂಡ ಧೈರ್ಯಕ್ಕೊಂದು ಯಿದ್ದಿಶ್ ಪದ

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಂಜೆ ಟ್ರಾಫಿಕ್ ಜಾಮ್ ಆದರೆ ಬೈಕುಗಳು ಫುಟ್‌ಪಾತ್ ಹತ್ತುತ್ತವೆ. ಮೊನ್ನೆ ಒಬ್ಬ, ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಅಜ್ಜಿಯ ಬೆನ್ನಿಗೇ ಹಾರ್ನ್ ಹೊಡೆದು, ‘ನೋಡ್ಕೊಂಡ್ ನಡೀರಿ ಅಜ್ಜಿ’ ಎಂದು ಗದರಿದ. ಹಲಸೂರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು ಮಕ್ಕಳಿಗೆ ‘ಖುಟ್ಸ್‌ಪಾ’ ಪದ ವಿವರಿಸಿದ್ದು ಇವನನ್ನೇ ಮುಂದಿಟ್ಟುಕೊಂಡು. ತಪ್ಪು ಮಾಡುತ್ತಲೇ ಎದುರಿನವರ ಮೇಲೆ ರೇಗುವ ಗುಣವದು.

ಹೀಬ್ರೂವಿನಲ್ಲಿ ಹುಟ್ಟಿ, ಪೂರ್ವ ಯುರೋಪಿನ ಯಹೂದ್ಯರ ಯಿದ್ದಿಶ್ ಭಾಷೆಯಲ್ಲಿ ಪಳಗಿದ ಪದ ಇದು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಬಂತು. ಕಾಗುಣಿತದಲ್ಲಿ ‘ಸಿಎಚ್’ ಇದ್ದರೂ ಶುರುವಿನಲ್ಲಿ ‘ಚ’ ಅನ್ನಬಾರದು. ಶಿವಾಜಿನಗರದ ಉರ್ದು ಮಾತಿನವರು ‘ಖಬರ್’ ಎನ್ನುವಾಗ ಗಂಟಲಿಂದ ಹೊರಡುತ್ತದಲ್ಲ, ಹೆಚ್ಚುಕಡಿಮೆ ಆ ‘ಖ’.

ಅಮೆರಿಕದ ಲೇಖಕ ಲಿಯೋ ರಾಸ್ಟನ್ 1968ರಲ್ಲಿ ಯಿದ್ದಿಶ್ ಪದಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದಕ್ಕೊಂದು ಉದಾಹರಣೆಯಿದೆ: ಹೆತ್ತವರನ್ನು ಕೊಂದವನು, ತಾನು ಅನಾಥ, ಕರುಣೆ ತೋರಿಸಿ ಎಂದು ಕೋರ್ಟಿನಲ್ಲಿ ಬೇಡುವುದು. ಕೇಳಿದ ಮಕ್ಕಳು ‘ಎಂಥಾ ಭಂಡ ಮಿಸ್!’ ಎಂದರು. ಸರಿಯಾಗಿಯೇ ಹೇಳಿದರು. ಸಂಸ್ಕೃತದಲ್ಲಿ ‘ಭಂಡ’ ಎಂದರೆ ವಿದೂಷಕ, ನಗೆಗಾರ; ಕನ್ನಡದಲ್ಲಿ ನಾಚಿಕೆಗೆಟ್ಟವನು. ಇಂಗ್ಲಿಷಿನಲ್ಲಿ ಈಗ ‘ಖುಟ್ಸ್‌ಪಾ’ ಪದಕ್ಕೆ ಮೆಚ್ಚುಗೆಯ ಅರ್ಥವೂ ಅಂಟಿದೆ. ಎದೆಗಾರ ಉದ್ಯಮಿಯನ್ನೂ ಹಾಗೆ ಹೊಗಳುತ್ತಾರೆ. ಆ ಬೈಕಿನವನಿಗೆ ಮಾತ್ರ ಹಳೆಯ ಅರ್ಥವೇ ಸಲ್ಲಬೇಕು.