ಹಳೆಯ ಮೋಟಾರ್ ಸೈಕಲ್: ಕಾರ್ಬ್ಯುರೇಟರಿನ ದೋಷಗಳು ಮತ್ತು ಪರಿಹಾರ

ಬೆಳಿಗ್ಗೆ ಹಾಲಿನ ಕ್ಯಾನನ್ನು ಡೇರಿಗೆ ಮುಟ್ಟಿಸುವ ಹೊತ್ತಿಗೆ ಸರಿಯಾಗಿ ಮೋಟಾರ್ ಸೈಕಲ್ ಚಾಲೂ ಆಗದಿದ್ದರೆ ರೈತನ ಆ ಹೊತ್ತಿನ ಆದಾಯವೇ ಕೈಬಿಟ್ಟು ಹೋಗುತ್ತದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ಇಂದಿಗೂ ಜೋಪಾನವಾಗಿ ಓಡಿಸುತ್ತಿರುವವರಿದ್ದಾರೆ. ಇಂಥ ಗಾಡಿಗಳು ಕೆಟ್ಟು ನಿಲ್ಲಲು ಅನೇಕ ವೇಳೆ ಕಾರಣ ಎಂಜಿನ್ ಸವೆತವಲ್ಲ, ಪೆಟ್ರೋಲ್ ಸರಿಯಾಗಿ ಹರಿಯದಿರುವುದು. ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್ ಮತ್ತು ಸೈಕಲ್ ಪಂಪು ಇದ್ದರೆ ಈ ದೋಷವನ್ನು ಮನೆಯಲ್ಲಿಯೇ ಪತ್ತೆ ಮಾಡಬಹುದು.

ಕೆಲಸ ಮಾಡುವ ರೀತಿ

ಟ್ಯಾಂಕಿನ ಪೆಟ್ರೋಲ್ ನಲ್ಲಿ ಮತ್ತು ಕೊಳವೆಯ ಮೂಲಕ ಕಾರ್ಬ್ಯುರೇಟರಿನ ಬಟ್ಟಲಿಗೆ ಇಳಿಯುತ್ತದೆ. ಬಟ್ಟಲು ತುಂಬಿದಂತೆ ಅದರೊಳಗಿನ ಫ್ಲೋಟ್ ಮೇಲೆ ತೇಲಿ, ಸೂಜಿಯಿಂದ ಒಳದಾರಿಯನ್ನು ಮುಚ್ಚುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯು ಬಟ್ಟಲಿನ ಪೆಟ್ರೋಲನ್ನು ಜೆಟ್‌ಗಳ ಮೂಲಕ ಹೀರಿ ತುಂತುರಾಗಿ ಒಯ್ಯುತ್ತದೆ. ನಿಧಾನಗತಿಗೆ ಪೈಲಟ್ ಜೆಟ್, ಹೆಚ್ಚಿನ ವೇಗ ಮತ್ತು ಭಾರಕ್ಕೆ ಮುಖ್ಯ ಜೆಟ್ ಪೆಟ್ರೋಲ್ ಒದಗಿಸುತ್ತವೆ.

ಮೊದಲು ಪ್ಲಗ್ ನೋಡಿರಿ

ಏಳೆಂಟು ಸಲ ಕಿಕ್ ಹೊಡೆದ ನಂತರ ಪ್ಲಗ್ ಬಿಚ್ಚಿ ನೋಡಬೇಕು. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲವೆಂದು ತಿಳಿಯಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಬರುತ್ತಿಲ್ಲ. ಆಗ ನಲ್ಲಿಯನ್ನೂ ಸ್ವಿಚ್ಚನ್ನೂ ಬಂದ್ ಮಾಡಿ, ಪ್ಲಗ್ ಇಲ್ಲದೆ ನಾಲ್ಕಾರು ಕಿಕ್ ಹೊಡೆದು, ಒಣಗಿಸಿದ ಪ್ಲಗ್ ಹಾಕಿ ಮತ್ತೆ ಪ್ರಯತ್ನಿಸಬೇಕು. ಆಗಲೂ ಚಾಲೂ ಆಗದಿದ್ದರೆ ಕಿಡಿಯ ಕಡೆ ಗಮನ ಕೊಡಬೇಕು.

ದೋಷಗಳು ಮತ್ತು ಪರಿಹಾರ

1. ಪ್ಲಗ್ ಒಣಗಿದ್ದರೆ: ಕೊಳವೆಯನ್ನು ಕಾರ್ಬ್ಯುರೇಟರಿನಿಂದ ಬಿಡಿಸಿ, ಸೀಸೆಯೊಳಗೆ ಇಳಿಬಿಟ್ಟು ನಲ್ಲಿ ತೆರೆಯಿರಿ. ಧಾರೆ ಬರಬರುತ್ತ ಸಣ್ಣದಾಗಿ, ಟ್ಯಾಂಕಿನ ಮುಚ್ಚಳ ತೆಗೆದೊಡನೆ ದೊಡ್ಡದಾದರೆ, ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಸ್ವಲ್ಪ ದೂರ ಓಡಿ ನಿಂತು, ಮತ್ತೆ ಓಡುವ ಗಾಡಿಯಲ್ಲಿಯೂ ಈ ದೋಷವಿರಬಹುದು. ಮುಚ್ಚಳ ತೆಗೆದರೂ ಧಾರೆ ಸಣ್ಣದಿದ್ದರೆ ನಲ್ಲಿಯ ಜರಡಿಯನ್ನು ತೊಳೆಯಬೇಕು. ಧಾರೆ ಚೆನ್ನಾಗಿದ್ದರೆ ಸೂಜಿ ಅಂಟಿಕೊಂಡಿದೆ ಅಥವಾ ಜೆಟ್ ಕಟ್ಟಿದೆ.

2. ಚೋಕ್ ಎಳೆದರೆ ಮಾತ್ರ ಓಡಿ, ಎಕ್ಸಿಲೇಟರ್ ಬಿಟ್ಟೊಡನೆ ನಿಂತರೆ: ಸಾಮಾನ್ಯವಾಗಿ ಪೈಲಟ್ ಜೆಟ್ ಕಟ್ಟಿರುತ್ತದೆ.

3. ನಿಧಾನವಾಗಿ ಸರಿಯಾಗಿ ಓಡಿ, ಏರಿನಲ್ಲಿ ಎಳೆಯದಿದ್ದರೆ: ಮುಖ್ಯ ಜೆಟ್ ಪರೀಕ್ಷಿಸಬೇಕು.

4. ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಸುರಿಯುತ್ತಿದ್ದರೆ: ಸೂಜಿಯ ಕೆಳಗೆ ಕಸ ಸಿಕ್ಕಿರಬಹುದು, ಸೂಜಿ ಸವೆದಿರಬಹುದು ಅಥವಾ ಫ್ಲೋಟ್ ತೂತಾಗಿರಬಹುದು. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲಿನ ಸದ್ದಾದರೆ ಬದಲಾಯಿಸಬೇಕು.

5. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಹೆಚ್ಚು ಪೆಟ್ರೋಲ್ ಖರ್ಚು: ಏರ್ ಫಿಲ್ಟರ್ ಧೂಳಿನಿಂದ ತುಂಬಿರಬಹುದು ಅಥವಾ ಚೋಕ್ ಪೂರ್ತಿ ಬಿಡದೆ ಇರಬಹುದು.

6. ಪ್ಲಗ್ ಬೆಳ್ಳಗಾಗಿ ಎಂಜಿನ್ ಅತಿಯಾಗಿ ಕಾದರೆ: ಪೆಟ್ರೋಲ್ ಕಡಿಮೆಯಾಗಿದೆ, ಅಥವಾ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಪ್ಯಾಕಿಂಗಿನಲ್ಲಿ ಗಾಳಿ ಸೇರುತ್ತಿದೆ. ಇದನ್ನು ಅಲಕ್ಷಿಸಬಾರದು. ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಸಹ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುವಾಗ ಹಿಂದಿನ ಚಕ್ರ ಕಚ್ಚಿಕೊಂಡರೆ ಪ್ರಾಣಾಪಾಯವೂ ಉಂಟು. ಸರಿಯಾದ ಪ್ಲಗ್ಗಿನ ಬಣ್ಣ ಕಂದು.

ಶುಚಿ ಮಾಡುವ ಕ್ರಮ

ಬಿಚ್ಚಿದ ಭಾಗಗಳನ್ನು ಬಿಳಿಯ ಬಟ್ಟೆಯ ಮೇಲೆ ಅನುಕ್ರಮವಾಗಿ ಇಡಿ. ನಿಧಾನಗತಿಯ ತಿರುಪನ್ನು ತೆಗೆಯುವ ಮೊದಲು ಅದು ಒಳಗೆ ಕೂರಲು ಎಷ್ಟು ಸುತ್ತು ಬೇಕೆಂದು ಎಣಿಸಿ ಬರೆದಿಡಿ, ಮರಳಿ ಹಾಕುವಾಗ ಅಷ್ಟೇ ಸುತ್ತು ಬಿಡಿ. ಜೆಟ್‌ಗಳನ್ನು ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ತಂತಿ, ಸೂಜಿ, ಪಿನ್ನು ತೂರಿಸಲೇಬಾರದು. ಜೆಟ್ಟಿನ ಹಿತ್ತಾಳೆ ಮೆದು. ರಂಧ್ರ ಕೊಂಚ ಹಿಗ್ಗಿದರೂ ಪೆಟ್ರೋಲಿನ ಅಳತೆ ಕೆಟ್ಟು ಹೊಸ ಜೆಟ್ ಕೊಳ್ಳಬೇಕಾಗುತ್ತದೆ.

ಇಂದಿನ ಪೆಟ್ರೋಲ್

ನಮ್ಮ ಕಬ್ಬು ಮತ್ತು ಮೆಕ್ಕೆಜೋಳದಿಂದಲೂ ತಯಾರಾಗುವ ಎಥನಾಲ್ 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಸುಮಾರು ಶೇ. 20ರ ಪ್ರಮಾಣಕ್ಕೆ ಮುಟ್ಟಿತು. ಹಳೆಯ ಗಾಡಿಗಳ ರಬ್ಬರ್ ಕೊಳವೆ, ವಾಷರ್‌ಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ಅವು ಉಬ್ಬಿ, ಬಿರುಕು ಬಿಟ್ಟರೆ ಎಥನಾಲ್ ತಾಳುವ ಹೊಸದನ್ನು ಹಾಕಿಸಬೇಕು. ಎಥನಾಲ್ ತೇವವನ್ನು ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಮಳೆಗಾಲದಲ್ಲಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿದಿಟ್ಟು, ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನು ಬರಿದು ಮಾಡಬೇಕು. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವಾಗ ಬಟ್ಟಲಿನ ಪೆಟ್ರೋಲ್ ತೆಗೆಯಿರಿ. ಇಲ್ಲವಾದರೆ ಅದು ಆರಿ ಅಂಟಾಗಿ ಜೆಟ್ ಕಟ್ಟುತ್ತದೆ.

ಎಚ್ಚರಿಕೆ

ಈ ಕೆಲಸವನ್ನು ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಹಗಲಿನಲ್ಲಿಯೇ ಮಾಡಬೇಕು. ಬೀಡಿ, ದೀಪ, ಒಲೆ ಹತ್ತಿರವಿರಬಾರದು. ಹುಲ್ಲಿನ ಬಣವೆ, ಕೊಟ್ಟಿಗೆಗಳಿಂದ ದೂರವಿರಬೇಕು. ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ, ಪೂರ್ತಿ ಆರಿದ ನಂತರವೇ ಕಿಡಿ ಪರೀಕ್ಷಿಸಿರಿ. ಕೊಳವೆಗೆ ಬಾಯಿಟ್ಟು ಪೆಟ್ರೋಲ್ ಎಳೆಯಬಾರದು.

ಸುಗ್ಗಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಜರಡಿ, ಬಟ್ಟಲು, ಏರ್ ಫಿಲ್ಟರ್‌ಗಳನ್ನು ಶುಚಿ ಮಾಡುವ ರೂಢಿ ಇಟ್ಟುಕೊಂಡರೆ, ದಾರಿಯಲ್ಲಿ ಗಾಡಿ ತಳ್ಳುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ.