ಒಂದು ಆಟ, ಮೂರು ಗದ್ಯ

ನಮ್ಮ ಆಲಂಕಾರಿಕರು ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ವಿಭಾಗಿಸಿರುವರು. ಇಂದ್ರಿಯಭೇದದಿಂದ ರಚನಾಭೇದವೆಂಬ ಈ ತತ್ತ್ವವು ಕ್ರೀಡಾವಾರ್ತೆಗೂ ಅನ್ವಯಿಸುವುದು. ಇಂಗ್ಲೆಂಡಿನ ಜಾನ್ ಆರ್ಲಟ್‌ರವರ (1914–1991) ವೃತ್ತಿಜೀವನವು ಇದಕ್ಕೆ ನಿದರ್ಶನ.

ಮೊದಲು ಪೊಲೀಸ್ ಉದ್ಯೋಗದಲ್ಲಿದ್ದ ಇವರು 1945ರಲ್ಲಿ ಬಿ.ಬಿ.ಸಿ.ಯನ್ನು ಸೇರಿ ಕವಿತೆಯ ಕಾರ್ಯಕ್ರಮಗಳನ್ನು ನಿರ್ಮಿಸುತ್ತಿದ್ದರು. 1946ರಲ್ಲಿ ಭಾರತ ತಂಡವು ಇಂಗ್ಲೆಂಡಿಗೆ ಹೋದಾಗ ಕ್ರಿಕೆಟ್ ವಿವರಣೆಯ ಕಾರ್ಯವು ಇವರಿಗೆ ಒದಗಿತು. 1968ರಲ್ಲಿ ಗಾರ್ಡಿಯನ್ ಪತ್ರಿಕೆಯ ಕ್ರಿಕೆಟ್ ಬಾತ್ಮೀದಾರರಾದ ಮೇಲೆ ಒಂದೇ ಆಟವನ್ನು ನುಡಿಯಲ್ಲಿಯೂ ಬರಹದಲ್ಲಿಯೂ ನಿರೂಪಿಸಬೇಕಾಯಿತು.

ಬಾನುಲಿಯ ಕೇಳುಗನು ಮೈದಾನವನ್ನು ಕಾಣನು. ಮುಂದಿನ ಚೆಂಡಿನ ಫಲವನ್ನು ನುಡಿಯುವವನೂ ಅರಿಯನು. ಆದುದರಿಂದ ಅಲ್ಲಿ ವರ್ತಮಾನ ಕ್ರಿಯಾಪದವೂ ವರ್ಣನೆಯೂ ಪ್ರಧಾನ. ಮರುದಿನದ ಓದುಗನಿಗಾದರೋ ಫಲಿತಾಂಶವು ತಿಳಿದಿರುವುದು. ಅವನು ಬಯಸುವುದು ಕಾರಣವನ್ನು. 1969ರಲ್ಲಿ ಆರಂಭವಾದ ಭಾನುವಾರದ ಲೀಗ್ ಪಂದ್ಯಗಳಿಗೆ ಆರ್ಲಟ್‌ರವರು ದೂರದರ್ಶನದಲ್ಲಿಯೂ ವಿವರಣೆ ನೀಡಿದರು. ಅಲ್ಲಿ ಚಿತ್ರವೇ ವರ್ಣಿಸುವುದರಿಂದ ಮೌನವೂ ನಿರೂಪಣೆಯ ಅಂಗವಾಗುವುದು.

ಹಲವು ಉದ್ಯೋಗಗಳಿಂದ ಲೇಖಕನ ಶೈಲಿಯು ತೆಳುವಾಗುವುದೆಂಬ ಆಕ್ಷೇಪವುಂಟು. ನುಡಿದುದನ್ನೇ ಬರೆದಿಟ್ಟರೆ ಆ ಮಾತು ನಿಜ. ಒಂದೊಂದು ಮಾಧ್ಯಮಕ್ಕೂ ಬೇರೆ ಗದ್ಯವನ್ನು ಹದಗೊಳಿಸುವವನಿಗೆ ಒಂದರ ಅಭ್ಯಾಸವು ಇನ್ನೊಂದಕ್ಕೆ ಮಿತವನ್ನು ಕಲಿಸುವುದು. 1980ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ತಮ್ಮ ಕಡೆಯ ಟೆಸ್ಟ್ ವಿವರಣೆಯನ್ನು ಮುಗಿಸಿದಾಗ ಆರ್ಲಟ್‌ರವರು ವಿದಾಯಭಾಷಣ ಮಾಡಲಿಲ್ಲ. ಮುಂದೆ ಮಾತನಾಡುವವರ ಹೆಸರನ್ನು ಹೇಳಿ ಸುಮ್ಮನಾದರು. ಔಚಿತ್ಯವೆಂದರೆ ಇದೇ.